ಕರಸ್ಥಲದ ಕೈ, ಕಾಯಕದ ಕೈ: ಹೈಡ್ರಾಲಿಕ್ ಪ್ರೆಸ್ಸಿನ ಮುಂದೆ ಇರಬೇಕಾದ ಎಚ್ಚರ



ಬೆಳಗಿನ ಪೂಜೆಯಲ್ಲಿ ಇಷ್ಟಲಿಂಗವನ್ನು ನಾವು ಇರಿಸಿಕೊಳ್ಳುವುದು ಎಡ ಅಂಗೈಯಲ್ಲಿ. ಪೂಜೆ ಮುಗಿದ ಗಳಿಗೆಯಿಂದ ಅದೇ ಕೈ ಕಾಯಕಕ್ಕೆ ಇಳಿಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ಪೂಜೆಯ ಕೈ ಬೇರೆ, ದುಡಿಮೆಯ ಕೈ ಬೇರೆ ಎಂದು ಎಣಿಸಲಿಲ್ಲ. ಗಾಣದ ಕಣ್ಣಪ್ಪ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಮೊದಲಾದವರ ಹೆಸರಿನೊಳಗೇ ಅವರ ಕಾಯಕ ಬೆರೆತುಹೋಗಿದೆ. ಹೀಗಿರುವಾಗ ದುಡಿಯುವ ಕೈಯನ್ನು ಕಾಪಾಡಿಕೊಳ್ಳುವುದೂ ಶರಣಧರ್ಮದ ಒಂದು ಭಾಗವೇ ಆಗುತ್ತದೆ.

ನಮ್ಮ ವಿಜಯಪುರ ನಗರದಲ್ಲಿಯೂ ತಿಕೋಟಾ, ಬಬಲೇಶ್ವರಗಳಂಥ ತಾಲೂಕು ಸ್ಥಳಗಳಲ್ಲಿಯೂ ಇಂದು ಟ್ರ್ಯಾಕ್ಟರ್ ಗ್ಯಾರೇಜು, ಲೇತ್ ಅಂಗಡಿ, ಬೋರ್‌ವೆಲ್ ಮೋಟಾರು ದುರಸ್ತಿಯ ಅಂಗಡಿಗಳು ನೂರಾರು ಮನೆಗಳಿಗೆ ಅನ್ನ ನೀಡುತ್ತಿವೆ. ದ್ರಾಕ್ಷಿ ಬಳ್ಳಿಗಳ ಚಾಟ್ನಿ ಮುಗಿದು ಔಷಧ ಸಿಂಪರಣೆ ಆರಂಭವಾಗುವ ಹೊತ್ತು, ಕಬ್ಬಿನ ಹಂಗಾಮು ತೆರೆಯುವ ಹೊತ್ತು ಬಂತೆಂದರೆ ಈ ಅಂಗಡಿಗಳ ಮುಂದೆ ಟ್ರ್ಯಾಕ್ಟರು, ಟ್ರಾಲಿ, ರೋಟಾವೇಟರ್, ಬ್ಲೋವರ್‌ಗಳ ಸಾಲು ನಿಲ್ಲುತ್ತದೆ. ಸವೆದ ಬೇರಿಂಗ್ ತೆಗೆಯಲು, ಹೊಸ ಬುಶ್ ಕೂರಿಸಲು, ಬಾಗಿದ ಪಿನ್ನು ನೇರಮಾಡಲು ಅಲ್ಲಿ ಬಳಸುವ ಸಾಧನವೇ ಹೈಡ್ರಾಲಿಕ್ ಪ್ರೆಸ್. ಸುತ್ತಿಗೆಯ ಏಟಿಗಿಂತ ಅದು ಎಷ್ಟೋ ಸುರಕ್ಷಿತ. ಆದರೆ ಅದರೊಳಗೆ ಒಂದು ಅಪಾಯ ಅಡಗಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ತಗುಲಿದಾಗ ಹೆಚ್ಚು ನೋಯುವುದೂ ಇಲ್ಲ. ಈ ಲೇಖನದ ಮುಖ್ಯ ಉದ್ದೇಶ ಆ ಅಪಾಯವನ್ನು ತಿಳಿಸುವುದು.

ಬಲದ ಗುಟ್ಟು

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಇದನ್ನು ನಿರೂಪಿಸಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಅವನ ಗ್ರಂಥ ಅವನ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಈ ತತ್ವವನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದನು. ಇಂದಿನ ಗ್ಯಾರೇಜಿನ ಪ್ರೆಸ್ ಅದೇ ವಂಶದ್ದು.

20 ಟನ್ ಸಾಮರ್ಥ್ಯದ ಕೈಪಂಪಿನ ಪ್ರೆಸ್ಸೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪಂಪಿನ ಸಣ್ಣ ಪಿಸ್ಟನ್ನಿನ ವ್ಯಾಸ 12 ಮಿ.ಮೀ., ಕೆಲಸದ ಮೇಲೆ ಇಳಿಯುವ ರಾಮಿನ ವ್ಯಾಸ 60 ಮಿ.ಮೀ. ಎಂದು ಇಟ್ಟುಕೊಂಡರೆ, ವ್ಯಾಸದಲ್ಲಿ 5 ಪಟ್ಟು ಹಿರಿದಾದ ರಾಮು ಕ್ಷೇತ್ರಫಲದಲ್ಲಿ 25 ಪಟ್ಟು ಹಿರಿದಾಗಿರುತ್ತದೆ. ಹಿಡಿಕೆಯ ಉದ್ದದಿಂದ 20 ಪಟ್ಟು ಬಲ ದೊರೆತರೆ, ಕೈಯಿಂದ ಒತ್ತಿದ 40 ಕೆ.ಜಿ. ಬಲ ಸಣ್ಣ ಪಿಸ್ಟನ್ನಿನ ಮೇಲೆ 800 ಕೆ.ಜಿ. ಆಗುತ್ತದೆ, ಅದರ 25 ಪಟ್ಟು 20,000 ಕೆ.ಜಿ., ಎಂದರೆ 20 ಟನ್. ಮನುಷ್ಯನೊಬ್ಬನ ತೋಳಿಗೆ ಇಷ್ಟು ಬಲ ಬಂದುದು ಹೀಗೆ.

ಇದೇ ಲೆಕ್ಕದ ಇನ್ನೊಂದು ಮುಖವನ್ನು ಬಹುಮಂದಿ ಗಮನಿಸುವುದಿಲ್ಲ. ಆ ಹೊತ್ತಿನಲ್ಲಿ ಒಳಗಿನ ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 700 ಕೆ.ಜಿ. ಆಗಿರುತ್ತದೆ. ಲಾರಿಯ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 8 ಕೆ.ಜಿ. ಮಾತ್ರ. ಟೈರು ಸಿಡಿದರೆ ಏನಾಗುತ್ತದೆಂಬುದನ್ನು ಬಲ್ಲ ನಾವು, ಅದರ 80 ಪಟ್ಟಿಗೂ ಮಿಗಿಲಾದ ಒತ್ತಡವನ್ನು ಒಂದು ರಬ್ಬರ್ ಸೀಲು, ಒಂದು ಹೋಸ್ ಪೈಪು ತಡೆದು ನಿಲ್ಲಿಸಿವೆ ಎಂಬುದನ್ನು ಮರೆಯುತ್ತೇವೆ.

ಒತ್ತಡ ಮಿತಿಮೀರದಂತೆ ಕಾಯಬೇಕೆಂಬ ಅರಿವು ನಮ್ಮ ಊರಿಗೆ ಹೊಸದಲ್ಲ. 1651ರಲ್ಲಿ ನಿರ್ಮಾಣವಾದ ಬೇಗಂ ತಾಲಾಬಿನಿಂದ ನೆಲದೊಳಗಿನ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ಹರಿಯುತ್ತಿತ್ತು. ಆ ದಾರಿಯಲ್ಲಿ ಅಲ್ಲಲ್ಲಿ ಕಟ್ಟಿದ ಗೋಪುರಗಳನ್ನು ಗಂಜ್ ಎಂದು ಕರೆಯುತ್ತಾರೆ. ಕೊಳವೆ ಒಡೆಯದಂತೆ ನೀರಿನ ಒತ್ತಡವನ್ನು ತಗ್ಗಿಸುವುದು ಅವುಗಳ ಕೆಲಸವಾಗಿತ್ತು. ಇಂದಿಗೂ ಕೆಲವು ಗಂಜ್‌ಗಳು ನಗರದಲ್ಲಿ ನಿಂತಿವೆ. ಪ್ರೆಸ್ಸಿನಲ್ಲಿ ಇದೇ ಕೆಲಸವನ್ನು ಮಿತಿ ವಾಲ್ವ್ ಮಾಡುತ್ತದೆ. ಒತ್ತಡ ನಿಗದಿತ ಮಟ್ಟ ದಾಟಿದೊಡನೆ ಅದು ತೆರೆದುಕೊಂಡು ಎಣ್ಣೆಯನ್ನು ಟ್ಯಾಂಕಿಗೆ ಮರಳಿಸುತ್ತದೆ. ಇನ್ನಷ್ಟು ಬಲ ಬೇಕೆಂದು ಆ ವಾಲ್ವನ್ನು ಬಿಗಿಮಾಡುವವನು ಗಂಜಿನ ಬಾಯಿಗೆ ಕಲ್ಲು ಹೇರಿ ಮುಚ್ಚಿದಂತೆ.

ಮುಳ್ಳು ಚುಚ್ಚಿದಂಥ ಗಾಯ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಒಬ್ಬ ಮಿಸ್ತ್ರಿ ಕೆಲಸ ಮಾಡುತ್ತಿದ್ದಾನೆಂದು ಭಾವಿಸಿ. ಪ್ರೆಸ್ಸಿನ ಗೇಜು ಏರುತ್ತದೆ, ಆದರೆ ನಿಲ್ಲದೆ ಇಳಿಯುತ್ತದೆ. ಎಲ್ಲಿಯೋ ಎಣ್ಣೆ ಸೋರುತ್ತಿರಬೇಕು. ಬಲಗೈ ಹಿಡಿಕೆಯ ಮೇಲಿದೆ. ಎಡಗೈಯ ತೋರುಬೆರಳಿನಿಂದ ಹೋಸ್ ಪೈಪನ್ನು ಸವರುತ್ತ ಸೋರಿಕೆಯ ಜಾಗ ಹುಡುಕುತ್ತಾನೆ. ಬೆರಳಿಗೆ ಏನೋ ಚುರ್ ಎಂದಂತಾಗುತ್ತದೆ. ನೋಡಿದರೆ ಸೂಜಿಯ ಮೊನೆಯಷ್ಟು ಒಂದು ಚುಕ್ಕೆ, ರಕ್ತವೂ ಇಲ್ಲ. "ಏನೂ ಆಗಿಲ್ರಿ, ಮುಳ್ಳು ಚುಚ್ಚಿದಂಗ ಆತು" ಎಂದು ಬಟ್ಟೆಯಿಂದ ಒರೆಸಿಕೊಂಡು ಕೆಲಸ ಮುಂದುವರಿಸುತ್ತಾನೆ. ಸಂಜೆಗೆ ಬೆರಳು ಬಾತು ಬಿಗಿಯುತ್ತದೆ. ಮನೆಯಲ್ಲಿ ಅರಿಶಿಣ ಹಚ್ಚುತ್ತಾರೆ. ರಾತ್ರಿ ನಿದ್ದೆಗೆಡಿಸುವ ನೋವು. ಮರುದಿನ ಆಸ್ಪತ್ರೆಗೆ ಹೋದಾಗ ಬೆರಳು ಕಪ್ಪಾಗಿರುತ್ತದೆ.

ಇಲ್ಲಿ ಆದದ್ದು ಮುಳ್ಳಿನ ಗಾಯವಲ್ಲ. ಕೂದಲೆಳೆಯಷ್ಟು ಬಿರುಕಿನಿಂದ ಚಿಮ್ಮುವ ಎಣ್ಣೆಯ ಧಾರೆ ವೈದ್ಯರ ಇಂಜೆಕ್ಷನ್ನಿನಂತೆ ಚರ್ಮವನ್ನು ಭೇದಿಸಿ ಒಳಹೊಕ್ಕಿದೆ. ಇದಕ್ಕೆ ಪ್ರತಿ ಚದರ ಸೆಂ.ಮೀ.ಗೆ 7 ಕೆ.ಜಿ.ಯಷ್ಟು ಒತ್ತಡವೇ ಸಾಕಾಗಬಹುದು. ಪ್ರೆಸ್ಸಿನಲ್ಲಿ ಅದರ ನೂರು ಪಟ್ಟು ಇರಬಲ್ಲದು. ಒಳಹೊಕ್ಕ ಎಣ್ಣೆ ಬೆರಳಿನ ಸ್ನಾಯುರಜ್ಜುವಿನ ಕೋಶದ ಗುಂಟ ಅಂಗೈಯವರೆಗೆ, ಕೆಲವೊಮ್ಮೆ ಮುಂಗೈಯವರೆಗೂ ಹರಡುತ್ತದೆ. ಇಕ್ಕಟ್ಟಾದ ಜಾಗದಲ್ಲಿ ತುಂಬಿಕೊಂಡು ರಕ್ತನಾಳಗಳನ್ನು ಹಿಸುಕುತ್ತದೆ. ಎಣ್ಣೆಯಲ್ಲಿರುವ ರಾಸಾಯನಿಕಗಳು ಮಾಂಸವನ್ನು ಕೆರಳಿಸಿ ಕೊಲ್ಲುತ್ತವೆ. ಅದರ ಮೇಲೆ ಸೋಂಕು ಸೇರುತ್ತದೆ. ಮೊದಲ ಒಂದೆರಡು ಗಂಟೆ ನೋವು ಕಡಿಮೆ ಇರುವುದೇ ಈ ಗಾಯದ ಮೋಸ. ಹೊರಗೆ ಚುಕ್ಕೆ, ಒಳಗೆ ಸರ್ವನಾಶ.

ಇಂಥ ಗಾಯ ಹೆಚ್ಚಾಗಿ ಆಗುವುದು ಬಲಗೈ ಬಳಕೆಯವರ ಎಡಗೈಗೆ, ಅದರಲ್ಲಿಯೂ ತೋರುಬೆರಳಿಗೆ ಎಂದು ಶಸ್ತ್ರವೈದ್ಯರು ಗುರುತಿಸಿದ್ದಾರೆ. ಇಷ್ಟಲಿಂಗಕ್ಕೆ ಪೀಠವಾಗುವ ಕೈಯೇ ಅದು ಎಂಬುದನ್ನು ಭಕ್ತರು ಗಮನದಲ್ಲಿಡಬೇಕು.

ಈ ಅಪಾಯ ಪ್ರೆಸ್ಸಿಗೆ ಮಾತ್ರ ಸೀಮಿತವಲ್ಲ. ಟ್ರಾಲಿ ಎತ್ತುವ ಜಾಕಿನ ಪೈಪು, ಜೆಸಿಬಿಯ ಹೋಸ್, ಡೀಸೆಲ್ ನೋಜಲ್ ಪರೀಕ್ಷಿಸುವ ಯಂತ್ರ, ಗ್ರೀಸ್ ಗನ್, ದ್ರಾಕ್ಷಿ ತೋಟದ ಎಚ್.ಟಿ.ಪಿ. ಪಂಪಿನ ಸಿಂಪರಣಾ ಗನ್ ಇವೆಲ್ಲವುಗಳಿಂದ ಇದೇ ಬಗೆಯ ಗಾಯ ಆಗಬಲ್ಲದು. ತೋಟದ ಪಂಪಿನಿಂದ ಒಳಹೊಕ್ಕರೆ ಅದು ಕೀಟನಾಶಕ, ಅಪಾಯ ಇಮ್ಮಡಿ. ಆದುದರಿಂದ ಗ್ಯಾರೇಜಿನ ಭಕ್ತರಂತೆ ತೋಟದ ಭಕ್ತರೂ ಮುಂದಿನ ಭಾಗವನ್ನು ಲಕ್ಷ್ಯವಿಟ್ಟು ಓದಬೇಕೆಂದು ಕೋರಿಕೆ.

ಆ ಗಳಿಗೆಯಲ್ಲಿ ಮಾಡಬೇಕಾದುದು

ಒತ್ತಡದ ಎಣ್ಣೆ ತಗುಲಿ ಚರ್ಮದ ಮೇಲೆ ಚುಕ್ಕೆ ಕಂಡರೆ, ನೋವು ಇರಲಿ ಬಿಡಲಿ, ಅದನ್ನು ತುರ್ತು ಶಸ್ತ್ರಚಿಕಿತ್ಸೆಯ ಗಾಯವೆಂದೇ ತಿಳಿಯಬೇಕು. ಶಸ್ತ್ರಚಿಕಿತ್ಸೆ 6 ಗಂಟೆಗಳ ಒಳಗೆ ನಡೆದರೆ ಬೆರಳು ಉಳಿಯುವ ಅವಕಾಶ ಹೆಚ್ಚು. ತಡವಾದಷ್ಟೂ ಬೆರಳನ್ನು ಕತ್ತರಿಸಬೇಕಾದ ಸಂಭವ ಏರುತ್ತದೆ.

1. ಯಂತ್ರವನ್ನು ನಿಲ್ಲಿಸಿ, ಒತ್ತಡ ಬಿಡುಗಡೆಮಾಡಿ, ಕೂಡಲೇ ಹೊರಡಬೇಕು. ಬಾವು ಬರುವುದನ್ನು ಕಾಯಬಾರದು.

2. ಉಂಗುರ, ಕಡಗ, ಕೈಗಡಿಯಾರ ತೆಗೆಯಬೇಕು. ಬಾವು ಬಂದ ಮೇಲೆ ಅವು ತೆಗೆಯಲು ಬಾರವು.

3. ಗಾಯವನ್ನು ಹಿಂಡಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಅರಿಶಿಣ, ಸುಣ್ಣ, ಡೀಸೆಲ್ ಹಚ್ಚಬಾರದು. ಬಿಸಿನೀರಿನ ಶಾಖವಾಗಲಿ ಮಂಜುಗಡ್ಡೆಯಾಗಲಿ ಬೇಡ. ಸ್ವಚ್ಛ ಬಟ್ಟೆಯನ್ನು ಸಡಿಲವಾಗಿ ಸುತ್ತಿ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಹಿಡಿಯಬೇಕು.

4. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ, ಚಹ ಸೇವಿಸಬಾರದು.

5. ಎಣ್ಣೆಯ ಡಬ್ಬಿಯನ್ನೋ ಅದರ ಚೀಟಿಯ ಚಿತ್ರವನ್ನೋ ಒಯ್ಯಬೇಕು. ವೈದ್ಯರಿಗೆ ಮೂರು ಮಾತು ತಪ್ಪದೆ ಹೇಳಬೇಕು: ಯಾವ ದ್ರವ, ಎಷ್ಟು ಒತ್ತಡ, ಎಷ್ಟು ಗಂಟೆಗೆ ತಗುಲಿತು. "ಬೆರಳಿಗೆ ಚುಚ್ಚಿದೆ" ಎಂದಷ್ಟೇ ಹೇಳಿದರೆ ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು ಮನೆಗೆ ಕಳಿಸುವ ಸಂಭವವಿದೆ. "ಹೆಚ್ಚಿನ ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕಿದೆ" ಎಂದು ಸ್ಪಷ್ಟವಾಗಿ ಹೇಳಬೇಕು.

ಊರಿನ ಸಣ್ಣ ದವಾಖಾನೆಯಲ್ಲಿ ಈ ಚಿಕಿತ್ಸೆ ಮುಗಿಯುವಂಥದ್ದಲ್ಲ. ಶಸ್ತ್ರಚಿಕಿತ್ಸೆಯ ಅನುಕೂಲವಿರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ; ಡಾ. ಫ.ಗು. ಹಳಕಟ್ಟಿಯವರು 1910ರಲ್ಲಿ ಬೀಜ ಬಿತ್ತಿದ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೂ ಇದೆ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ತಿಕೋಟಾದಿಂದಾಗಲಿ ಬಬಲೇಶ್ವರದಿಂದಾಗಲಿ ನಗರ ಬಹು ದೂರವಲ್ಲ. ಕೈ ಕಳೆದುಹೋಗುವುದು ದಾರಿಯಲ್ಲಿ ಅಲ್ಲ. "ನಾಳೆ ನೋಡೋಣ" ಎಂದು ಮನೆಯಲ್ಲಿ ಕುಳಿತ ರಾತ್ರಿಯಲ್ಲಿ.

ಯಂತ್ರವನ್ನು ನಡೆಸುವ ಕ್ರಮ

ಪ್ರೆಸ್ಸಿನ ಮುಂದೆ ಇನ್ನೆರಡು ಅಪಾಯಗಳಿವೆ: ಸಿಡಿಯುವ ಲೋಹ ಮತ್ತು ನಡುವೆ ಸಿಕ್ಕ ಬೆರಳು. ಬೇರಿಂಗಿನ ಉಕ್ಕು ಬಹಳ ಗಡುಸು. ಆದುದರಿಂದ ಅದು ಬಾಗುವುದಿಲ್ಲ, ಸಿಡಿಯುತ್ತದೆ. ಚೂರುಗಳು ಗುಂಡಿನಂತೆ ಹಾರಿ ಕಣ್ಣಿಗೋ ಕೊರಳಿಗೋ ನಾಟುತ್ತವೆ. ಇದನ್ನು ತಡೆಯಲು ಈ ಕ್ರಮಗಳನ್ನು ಪಾಲಿಸಬೇಕು.

ಕೆಲಸದ ವಸ್ತು ರಾಮಿನ ನಟ್ಟನಡುವೆ, ನೇರವಾಗಿ ನಿಂತಿರಬೇಕು. ಓರೆಯಾಗಿ ನಿಂತ ವಸ್ತು ಒತ್ತಡ ಏರಿದಂತೆ ಜಾರಿ ಚಿಮ್ಮುತ್ತದೆ. ಕೆಳಗಿನ ಮೇಜನ್ನು ಹೊತ್ತಿರುವ ಎರಡೂ ಬದಿಯ ಪಿನ್ನುಗಳು ಒಂದೇ ಎತ್ತರದ ರಂಧ್ರಗಳಲ್ಲಿ ಪೂರ್ತಿಯಾಗಿ ಕೂತಿರಬೇಕು. ಆಧಾರಕ್ಕೆ ಇಟ್ಟಂಗಿ, ಮರದ ತುಂಡು, ಬೀಡು ಕಬ್ಬಿಣದ ಹಳೆಯ ತುಂಡುಗಳನ್ನು ಇಡಬಾರದು. ಉಕ್ಕಿನ ದಪ್ಪ ಪಟ್ಟಿಗಳನ್ನೇ ಬಳಸಬೇಕು.

ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಒಳಬಳೆಯ ಮೇಲೆ, ಮನೆಯೊಳಗೆ ಕೂರಿಸುವಾಗ ಹೊರಬಳೆಯ ಮೇಲೆ ಒತ್ತಡ ಬೀಳಬೇಕು. ತಪ್ಪು ಬಳೆಯ ಮೇಲೆ ಒತ್ತಿದರೆ ಗುಂಡುಗಳ ಮೇಲೆ ಭಾರ ಬಿದ್ದು ಬೇರಿಂಗ್ ಕೆಡುತ್ತದೆ, ಒಡೆಯಲೂಬಹುದು. ಕೆಲಸದ ಸುತ್ತ ಉಕ್ಕಿನ ಬಲೆಯ ಅಥವಾ ಗಟ್ಟಿ ಪಾಲಿಕಾರ್ಬೊನೇಟಿನ ತಡೆ ಇರಬೇಕು. ಗೋಣಿತಟ್ಟು ಹೊದಿಸಿದರೆ ಸಾಲದು. ಕಣ್ಣಿಗೆ ಸುರಕ್ಷಾ ಕನ್ನಡಕ, ಮುಖಕ್ಕೆ ಕವಚ ಧರಿಸಬೇಕು. ನೇರ ಎದುರಿಗೆ ನಿಲ್ಲದೆ ಬದಿಗೆ ನಿಂತು ಹಿಡಿಕೆ ಆಡಿಸಬೇಕು. ನೋಡಲು ಬಂದ ಗಿರಾಕಿ, ರೈತ, ಮಕ್ಕಳು ದೂರದಲ್ಲಿರಲಿ.

ಒಬ್ಬರು ವಸ್ತು ಹಿಡಿದು ಇನ್ನೊಬ್ಬರು ಒತ್ತುವ ರೂಢಿ ಬೆರಳು ಜಜ್ಜಲು ಮುಖ್ಯ ಕಾರಣ. ರಾಮು ವಸ್ತುವನ್ನು ಮುಟ್ಟಿದ ಮೇಲೆ ಯಾರ ಕೈಯೂ ಒಳಗಿರಬಾರದು. ಗೇಜು ಮಿತಿಯ ಕೆಂಪು ಗೆರೆ ಮುಟ್ಟಿದರೂ ವಸ್ತು ಅಲುಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಹಿಡಿಕೆಗೆ ಉದ್ದನೆಯ ಪೈಪು ಸೇರಿಸಿ ಒತ್ತುವುದು ಸಾಹಸವಲ್ಲ, ಮೌಢ್ಯ. ಒತ್ತಡದಲ್ಲಿರುವ ವಸ್ತುವನ್ನು ಸುತ್ತಿಗೆಯಿಂದ ಬಡಿಯಬಾರದು. ಎಣ್ಣೆಯ ಪೈಪಿನ ಬಳಿ ಗ್ಯಾಸಿನ ಜ್ವಾಲೆ ತರಬಾರದು. ಚಹಕ್ಕೆ ಹೋಗುವಾಗಲೂ ಒತ್ತಡ ಬಿಡುಗಡೆ ಮಾಡಿಯೇ ಹೋಗಬೇಕು.

ಉಡುಪಿನ ವಿಷಯದಲ್ಲಿ ನಮ್ಮವರಿಗೆ ಒಂದು ವಿಶೇಷ ಸೂಚನೆ. ಕೊರಳಲ್ಲಿ ಶಿವದಾರ, ಕರಡಿಗೆ, ರುದ್ರಾಕ್ಷಿ ಇರುವುದು ಸಹಜ. ಬಾಗಿ ಕೆಲಸ ಮಾಡುವಾಗ ಅವು ಜೋತು ಯಂತ್ರಕ್ಕೆ ಸಿಕ್ಕಬಹುದು. ಅವನ್ನು ಬನಿಯನ್ನಿನೊಳಗೆ ಸೇರಿಸಿ, ಮೇಲೆ ಗುಂಡಿ ಹಾಕಿದ ಅಂಗಿ ತೊಡಬೇಕು. ಹೆಗಲ ಮೇಲಿನ ಟವೆಲ್ಲು, ಸಡಿಲ ತೋಳು, ಬೆರಳಿನ ಉಂಗುರ ಕೆಲಸದ ಜಾಗದಲ್ಲಿ ಬೇಡ.

ಕೈ ಜಜ್ಜಿದರೆ ಎಳೆಯಬಾರದು. ವಾಲ್ವ್ ತೆರೆದು ರಾಮನ್ನು ಮೇಲೆತ್ತಿಯೇ ಬಿಡಿಸಬೇಕು. ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಬೇಕು. ಕಣ್ಣಿಗೆ ಚೂರು ನಾಟಿದರೆ ಉಜ್ಜಬಾರದು, ಕೀಳಬಾರದು. ಕಣ್ಣಿಗೆ ಒತ್ತಡ ತಾಗದಂತೆ ಕಾಗದದ ಲೋಟ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು.

ಯಂತ್ರದ ಆರೈಕೆ

ಆರೈಕೆ ಇಲ್ಲದ ಯಂತ್ರವೇ ಗಾಯಕ್ಕೆ ಮೂಲ. ನಮ್ಮ ಭಾಗದ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಎಣ್ಣೆ ತೆಳುವಾಗುತ್ತದೆ, ರಬ್ಬರು ಬೇಗ ಗಡುಸಾಗಿ ಬಿರಿಯುತ್ತದೆ. ಎರೆಭೂಮಿಯ ಸಣ್ಣ ಧೂಳು ರಾಮಿನ ಮೇಲೆ ಕೂತು ಸೀಲನ್ನು ಉಜ್ಜಿ ಸವೆಸುತ್ತದೆ. ಆದುದರಿಂದ ಪ್ರೆಸ್ಸನ್ನು ನೆರಳಿನಲ್ಲಿಡಬೇಕು. ಕೆಲಸ ಮುಗಿದ ಮೇಲೆ ರಾಮನ್ನು ಒರೆಸಿ ಒಳಕ್ಕೆ ಸರಿಸಿಡಬೇಕು.

ಪ್ರತಿದಿನ ಕೆಲಸಕ್ಕೆ ಮುಂಚೆ ಹೋಸ್, ಜೋಡಣೆ, ಬೆಸುಗೆಯ ಗೆರೆ, ಬೋಲ್ಟುಗಳನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಹೋಸ್ ಉಬ್ಬಿದ್ದರೆ, ಒಳಗಿನ ತಂತಿ ಕಾಣುತ್ತಿದ್ದರೆ ಅದೇ ದಿನ ಬದಲಿಸಬೇಕು. ಟೇಪು ಸುತ್ತಿ ನಡೆಸಬಾರದು. ಸೋರಿಕೆಯ ಜಾಗ ಹುಡುಕಬೇಕಾದರೆ ಮೊದಲು ಯಂತ್ರ ನಿಲ್ಲಿಸಿ, ಒತ್ತಡ ಇಳಿಸಿ, ಒರೆಸಿ ನೋಡಬೇಕು. ಒತ್ತಡದಲ್ಲಿಯೇ ನೋಡುವುದು ಅನಿವಾರ್ಯವಾದರೆ ಕನ್ನಡಕ ಧರಿಸಿ, ದೂರ ನಿಂತು, ಉದ್ದನೆಯ ರಟ್ಟಿನ ತುಂಡನ್ನು ಪೈಪಿನ ಗುಂಟ ಸರಿಸಬೇಕು. ರಟ್ಟಿನ ಮೇಲೆ ಎಣ್ಣೆಯ ಕಲೆ ಮೂಡಿದ ಕಡೆ ಸೋರಿಕೆ ಇದೆ. ಎಂಟಾಣೆಯ ಬೆಲೆಯಿಲ್ಲದ ಆ ರಟ್ಟು ಒಂದು ಬೆರಳನ್ನು ಉಳಿಸುತ್ತದೆ. ಬಟ್ಟೆಯ ಕೈಚೀಲ ಮಾತ್ರ ಈ ಧಾರೆಯನ್ನು ತಡೆಯುವುದಿಲ್ಲ.

ಎಣ್ಣೆಯನ್ನು ತಯಾರಕರು ಹೇಳಿದ ದರ್ಜೆಯದನ್ನೇ ಹಾಕಬೇಕು. ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳು ಉಬ್ಬಿ ಹಾಳಾಗುತ್ತವೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅದರ ಆಯುಸ್ಸು ಮುಗಿದಿದೆ. ಎರಡೂ ಸಂದರ್ಭದಲ್ಲಿ ಪೂರ್ತಿ ಬದಲಿಸಬೇಕು. ರಾಮು ಜಗ್ಗುತ್ತ ಇಳಿದರೆ ಒಳಗೆ ಗಾಳಿ ಸೇರಿದೆ. ಎಣ್ಣೆಗಿಂತ ಭಿನ್ನವಾಗಿ ಗಾಳಿ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡು ಒಮ್ಮೆಲೇ ನೂಕುತ್ತದೆ. ಗಾಳಿ ತೆಗೆಯದೆ ಕೆಲಸ ಮಾಡಬಾರದು. ಗೇಜಿನ ಮುಳ್ಳು ಸೊನ್ನೆಗೆ ಮರಳದಿದ್ದರೆ ಆ ಗೇಜನ್ನು ನಂಬಬಾರದು. ಮಿತಿ ವಾಲ್ವನ್ನು ಬಲ್ಲ ತಂತ್ರಜ್ಞರಿಂದಲೇ ಪರೀಕ್ಷೆ ಮಾಡಿಸಬೇಕು. ಬಾಗಿದ ಚೌಕಟ್ಟನ್ನು ಬೆಸೆದು ಮತ್ತೆ ಬಳಸಬಾರದು.

ಕೈಗೆ ಮೆತ್ತಿದ ಎಣ್ಣೆಯನ್ನು ಪೆಟ್ರೋಲು, ಸೀಮೆಎಣ್ಣೆಯಿಂದ ತೊಳೆಯುವ ಅಭ್ಯಾಸ ಬಿಡಬೇಕು. ಅದರಿಂದ ಚರ್ಮ ಒಣಗಿ ಬಿರಿದು ತುರಿಕೆಯ ರೋಗ ಬರುತ್ತದೆ. ಸಾಬೂನು, ನೀರು ಸಾಕು. ನೆಲಕ್ಕೆ ಚೆಲ್ಲಿದ ಎಣ್ಣೆಯ ಮೇಲೆ ಕಟ್ಟಿಗೆಯ ಹೊಟ್ಟು ಹಾಕಿ ಗುಡಿಸಬೇಕು.

ಮಾಲೀಕರಲ್ಲಿ, ಮನೆಯವರಲ್ಲಿ ವಿನಂತಿ

ಕೆಲಸ ಕಲಿಯಲು ಬಂದ ಹುಡುಗ ಗಾಯವಾದರೂ ಹೇಳಲು ಅಂಜುತ್ತಾನೆ. ಬೈಗುಳಕ್ಕೆ, ಕೂಲಿ ಕಡಿತಕ್ಕೆ ಹೆದರಿ ಬೆರಳನ್ನು ಕಿಸೆಯಲ್ಲಿ ಮುಚ್ಚಿಡುತ್ತಾನೆ. ಆ ಮೌನವೇ ಅವನ ಕೈಯನ್ನು ಕಳೆಯುತ್ತದೆ. "ಏನಾದರೂ ಚುಚ್ಚಿದರ ಮೊದಲು ನನಗ ಹೇಳಪಾ, ಕೆಲಸ ಆಮ್ಯಾಲೆ" ಎಂದು ಮಾಲೀಕರು ಮೊದಲ ದಿನವೇ ಹೇಳಿಬಿಡಬೇಕು. 18 ವರ್ಷ ತುಂಬದವರನ್ನು ಪ್ರೆಸ್ಸಿನ ಬಳಿ ನಿಲ್ಲಿಸಲೇಬಾರದು. ಆಸ್ಪತ್ರೆಯ ಖರ್ಚನ್ನು ಹೊರುವುದು ಮಾಲೀಕನ ದಯೆಯಲ್ಲ, ಹೊಣೆ. ದಾಸೋಹದ ಅರ್ಥವೂ ಅದೇ. ಮನೆಯ ತಾಯಂದಿರು, ಅಕ್ಕಂದಿರು ಗ್ಯಾರೇಜಿನಿಂದ ಬಂದ ಮಗನ ಬೆರಳಲ್ಲಿ ಎಣ್ಣೆಯ ಚುಕ್ಕೆ, ಬಿಗಿತ, ಜೋಮು ಕಂಡರೆ ಮದ್ದು ಅರೆಯದೆ ವಾಹನ ಕರೆಯಬೇಕು.

ಕಾಯಕ ಶ್ರೇಷ್ಠ, ಕಾಯಕ ಮಾಡುವ ಕಾಯ ಅದಕ್ಕಿಂತ ಕಡಿಮೆಯದಲ್ಲ. ಯಂತ್ರಕ್ಕೆ ಹೊಸ ಸೀಲು ಪೇಟೆಯಲ್ಲಿ ಸಿಗುತ್ತದೆ, ಬೆರಳು ಸಿಗುವುದಿಲ್ಲ. ಪ್ರತಿದಿನ ಬೆಳಿಗ್ಗೆ ಇಷ್ಟಲಿಂಗವನ್ನು ಹಿಡಿದ ಅಂಗೈಯನ್ನು ನೋಡುವಾಗ ಈ ಮಾತು ನೆನಪಾಗಲಿ. ಸಂಜೆ ಅದೇ ಕೈ ಅಷ್ಟೇ ಪೂರ್ಣವಾಗಿ ಮನೆಗೆ ಮರಳಲಿ.